ರೇಡಿಯಾಲಜಿ ಒಂದೂರಲ್ಲಿ, ಮೊದಲ ವರ್ಷ ಇನ್ನೊಂದೂರಲ್ಲಿ: ಅಮೆರಿಕದ ಇಂಟರ್ನ್ ವರ್ಷವನ್ನು ಆರಿಸಿಕೊಳ್ಳುವ ಬಗೆ

ಮಾರ್ಚ್ ತಿಂಗಳ ಮೂರನೇ ಶುಕ್ರವಾರ. ನನಗಿಲ್ಲಿ ಮಧ್ಯಾಹ್ನ, ದಾವಣಗೆರೆಯಲ್ಲಿ ರಾತ್ರಿ ಹತ್ತೂವರೆ. ಅಕ್ಕನ ಫೋನು ಬಂತು. ದನಿಯಲ್ಲಿ ಸಂತೋಷವೂ ಇತ್ತು, ದುಗುಡವೂ ಇತ್ತು.

"ಇವನಿಗೆ ರೇಡಿಯಾಲಜಿ ಸಿಕ್ಕಿದೆಯಂತೆ ಕಣೋ. ಆದ್ರೆ ಸೀಟು ಸಿಕ್ಕಿರೋದು ಒಂದೂರಲ್ಲಿ, ಜುಲೈಗೆ ಹೋಗೋದು ಇನ್ನೊಂದೂರಿಗೆ ಅಂತಾನೆ. ಅಲ್ಲಿ ಮೆಡಿಸಿನ್ ವಾರ್ಡಂತೆ. ಇಲ್ಲೇ ಹೌಸ್ ಸರ್ಜನ್ಸಿ ಮುಗಿಸಿದಾನಲ್ಲ, ಮತ್ಯಾಕೆ? ಯಾರಾದ್ರೂ ಮೋಸ ಮಾಡಿದ್ರಾ?"

ಮೋಸ ಯಾರೂ ಮಾಡಿರಲಿಲ್ಲ. ನನ್ನ ಸೋದರಳಿಯನಿಗೆ ಆಗಿದ್ದು ಅಮೆರಿಕದಲ್ಲಿ ಪ್ರತಿವರ್ಷ ಸಾವಿರಾರು ಎಳೆಯ ವೈದ್ಯರಿಗೆ ಆಗುವಂಥದ್ದೇ. ಆದರೆ ಅದನ್ನು ಅಕ್ಕನಿಗೆ ಬಿಡಿಸಿ ಹೇಳಲು ಒಂದು ಗಂಟೆ ಹಿಡಿಯಿತು. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ ಇಲ್ಲಿಗೆ ಬರಲು ತಯಾರಾಗುವವರೂ, ಇಲ್ಲೇ ಹುಟ್ಟಿ ಬೆಳೆದು ಮೆಡಿಕಲ್ ಓದುತ್ತಿರುವ ಮಕ್ಕಳ ಕನ್ನಡಿಗ ತಂದೆತಾಯಂದಿರೂ ಇದೇ ಜಾಗದಲ್ಲಿ ಎಡವುವುದನ್ನು ವರ್ಷ ವರ್ಷ ನೋಡುತ್ತಿದ್ದೇನೆ. ಸ್ಪೆಷಾಲಿಟಿ ಯಾವುದಿರಲಿ ಎಂದು ಮೂರು ವರ್ಷ ಯೋಚಿಸಿದವರು ಅದರ ಮುಂಚಿನ ಆ ಒಂದು ವರ್ಷವನ್ನು ಕೊನೆಯ ವಾರದಲ್ಲಿ, ಸುಸ್ತಾಗಿ, ಹೇಗೋ ಭರ್ತಿ ಮಾಡುತ್ತಾರೆ. ಅದು ತಪ್ಪು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈ ವರ್ಷ ಎಲ್ಲಿಂದ ಬಂತು

ಅಮೆರಿಕದಲ್ಲಿ ರೆಸಿಡೆನ್ಸಿ, ಅಂದರೆ ಪದವಿಯ ನಂತರದ ಸ್ಪೆಷಾಲಿಟಿ ತರಬೇತಿಯ ಸೀಟುಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕ್ಯಾಟಗಾರಿಕಲ್. ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ವಿಭಾಗ, ಸಾಮಾನ್ಯವಾಗಿ ಒಂದೇ ಆಸ್ಪತ್ರೆ. ಇಂಟರ್ನಲ್ ಮೆಡಿಸಿನ್ ಮೂರು ವರ್ಷ, ಪೀಡಿಯಾಟ್ರಿಕ್ಸ್ ಮೂರು, ಸೈಕಿಯಾಟ್ರಿ ನಾಲ್ಕು, ಜನರಲ್ ಸರ್ಜರಿ ಐದು. ಇವಕ್ಕೆ ಸೇರುವವರಿಗೆ ಈ ಲೇಖನದ ಅಗತ್ಯವೇ ಇಲ್ಲ.

ಎರಡನೆಯದು ಅಡ್ವಾನ್ಸ್ಡ್ ಸೀಟು. ಇಲ್ಲಿ ಸ್ಪೆಷಾಲಿಟಿ ಶುರುವಾಗುವುದೇ ಎರಡನೇ ವರ್ಷದಿಂದ. ಮೊದಲ ವರ್ಷ ಬೇರೆ ಎಲ್ಲಾದರೂ ಸಾಮಾನ್ಯ ರೋಗಿಗಳನ್ನು ನೋಡಿಕೊಂಡು ಬನ್ನಿ, ಆಮೇಲೆ ನಮ್ಮಲ್ಲಿಗೆ ಬನ್ನಿ ಎನ್ನುತ್ತವೆ ಆ ವಿಭಾಗಗಳು. ಡಯಾಗ್ನಾಸ್ಟಿಕ್ ರೇಡಿಯಾಲಜಿಗೆ ಆ ಮೊದಲ ಒಂದು ವರ್ಷ ಮತ್ತು ಆಮೇಲೆ ನಾಲ್ಕು ವರ್ಷ, ರೇಡಿಯೇಷನ್ ಆಂಕಾಲಜಿಯೂ ಹಾಗೆಯೇ. ಡರ್ಮಟಾಲಜಿ, ಫಿಸಿಕಲ್ ಮೆಡಿಸಿನ್, ನ್ಯೂರಾಲಜಿ, ಅನಸ್ತೀಸಿಯಾ ಇವೆಲ್ಲ ಒಂದು ಮತ್ತು ಮೂರು. ಅನಸ್ತೀಸಿಯಾದಲ್ಲಿ ಈಗ ಹೆಚ್ಚಿನ ಕಡೆ ನಾಲ್ಕೂ ವರ್ಷವನ್ನು ಒಂದೇ ಕಟ್ಟಿನಲ್ಲಿ ಕೊಡುತ್ತಾರೆ, ನ್ಯೂರಾಲಜಿಯೂ ಅದೇ ದಾರಿ ಹಿಡಿದಿದೆ. ಕಣ್ಣಿನ ವಿಭಾಗಕ್ಕೆ ಎಸ್‌ಎಫ್ ಮ್ಯಾಚ್ ಎಂಬ ಬೇರೆಯೇ ಸೀಟು ಹಂಚಿಕೆಯ ವ್ಯವಸ್ಥೆ ಇದೆ, ಅಲ್ಲಿ ಈಗ ಮೊದಲ ವರ್ಷವೂ ಸೀಟಿನ ಜೊತೆಗೇ ಬರುತ್ತದೆ. ರೇಡಿಯಾಲಜಿ, ಡರ್ಮಟಾಲಜಿಯವರಿಗೆ ಮಾತ್ರ ಮೊದಲ ವರ್ಷದ ಹುಡುಕಾಟ ಇಂದಿಗೂ ಬಹುಪಾಲು ಅವರ ತಲೆಯ ಮೇಲೇ ಇದೆ.

ನಮ್ಮ ಹೌಸ್ ಸರ್ಜನ್ಸಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಅಕ್ಕನಿಗೆ ಹೀಗೆ ಹೇಳಿದೆ. ನಮ್ಮಲ್ಲಿ ಆ 12 ತಿಂಗಳು ಎಂಬಿಬಿಎಸ್‌ನ ಒಳಗೇ ಇದೆ. ಅದು ಮುಗಿದ ಮೇಲಷ್ಟೇ ಪದವಿ. ಮೆಡಿಸಿನ್, ಸರ್ಜರಿ, ಹೆರಿಗೆ ವಾರ್ಡು, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ, ಎಲ್ಲರಿಗೂ ಹೆಚ್ಚುಕಡಿಮೆ ಅದೇ ಸುತ್ತು. ಅಮೆರಿಕದಲ್ಲಿ ಇಂಟರ್ನ್ ಆಗುವುದು ಎಂಡಿ ಪದವಿ (ಅಲ್ಲಿ ಅದು ನಮ್ಮ ಎಂಬಿಬಿಎಸ್‌ನಂತೆ ಮೊದಲ ವೈದ್ಯ ಪದವಿ) ಕೈಗೆ ಬಂದ ಮೇಲೆ. ಇಂಟರ್ನ್ ಬರೆದ ಆರ್ಡರಿಗೆ ನರ್ಸ್ ಔಷಧಿ ಕೊಡುತ್ತಾಳೆ, ಇಂಟರ್ನ್ ಹೇಳಿದ ಮಾತಿನ ಮೇಲೆ ರೋಗಿ ಮನೆಗೆ ಹೋಗುತ್ತಾನೆ. ಎಸಿಜಿಎಂಇ ಎಂಬ ಸಂಸ್ಥೆ ಮಾನ್ಯ ಮಾಡಿದ ಕಾರ್ಯಕ್ರಮದಲ್ಲಿ, ಇಲ್ಲವೇ ಕೆನಡಾದ ಮಾನ್ಯ ತರಬೇತಿಯಲ್ಲಿ ಮಾಡಿದ ವರ್ಷವೇ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾಡಿದ ಹೌಸ್ ಸರ್ಜನ್ಸಿ ಇದರ ಬದಲಿಗೆ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ಎಂಡಿ ಮೆಡಿಸಿನ್ ಮಾಡಿ, ಹತ್ತು ವರ್ಷ ರೋಗಿಗಳನ್ನು ನೋಡಿ ಬಂದವರೂ ಸಾಮಾನ್ಯವಾಗಿ ಮತ್ತೆ ಇಂಟರ್ನ್ ಆಗಿಯೇ ಶುರು ಮಾಡಬೇಕು. ಇದು ಮನಸ್ಸಿಗೆ ನೋವು ಕೊಡುವ ಸಂಗತಿ. ಬರುವ ಮುನ್ನವೇ ತಿಳಿದಿದ್ದರೆ ಒಳ್ಳೆಯದು.

ಮೂರು ದಾರಿ

ಈ ಒಂದು ವರ್ಷಕ್ಕೆ ಸಾಮಾನ್ಯವಾಗಿ ಮೂರು ದಾರಿಗಳಿವೆ: ಟ್ರಾನ್ಸಿಷನಲ್ ಇಯರ್, ಪ್ರಿಲಿಮಿನರಿ ಮೆಡಿಸಿನ್, ಪ್ರಿಲಿಮಿನರಿ ಸರ್ಜರಿ. ಅಲ್ಲಲ್ಲಿ ಪೀಡಿಯಾಟ್ರಿಕ್ಸ್ ಪ್ರಿಲಿಮಿನರಿಯೂ ಉಂಟು, ಆದರೆ ಬಹಳ ಕಡಿಮೆ.

ಟ್ರಾನ್ಸಿಷನಲ್ ಇಯರ್ ನಮ್ಮ ಹೌಸ್ ಸರ್ಜನ್ಸಿಗೆ ತೀರ ಹತ್ತಿರ. ಮೆಡಿಸಿನ್, ಸರ್ಜರಿ, ಎಮರ್ಜೆನ್ಸಿ, ಹೊರರೋಗಿ ವಿಭಾಗ ಎಲ್ಲವೂ ಸ್ವಲ್ಪ ಸ್ವಲ್ಪ, ಜೊತೆಗೆ ತಿಂಗಳುಗಟ್ಟಲೆ ಎಲೆಕ್ಟಿವ್. ಎಲೆಕ್ಟಿವ್ ಎಂದರೆ ತಾನೇ ಆರಿಸಿಕೊಂಡ ವಿಭಾಗ, ಅಲ್ಲಿ ರಾತ್ರಿಪಾಳಿ ಅಪರೂಪ, ಶನಿವಾರ ಭಾನುವಾರ ಸಿಗುವ ಸಂಭವ ಹೆಚ್ಚು. ಬಹಳಷ್ಟು ಟ್ರಾನ್ಸಿಷನಲ್ ಸೀಟುಗಳು ಸಮುದಾಯ ಆಸ್ಪತ್ರೆಗಳಲ್ಲಿವೆ. ಸೀಟು ಕಡಿಮೆ, ಬೇಡಿಕೆ ವಿಪರೀತ. ಡರ್ಮಟಾಲಜಿ, ರೇಡಿಯಾಲಜಿಗೆ ಹೋಗುವ, ಪರೀಕ್ಷೆಗಳಲ್ಲಿ ಎತ್ತರದ ಅಂಕ ತೆಗೆದವರೇ ಇಲ್ಲಿ ಸಾಲುಗಟ್ಟಿರುತ್ತಾರೆ. ಹೀಗಾಗಿ ಕೆಲವೊಮ್ಮೆ ಸ್ಪೆಷಾಲಿಟಿ ಸೀಟು ಸಿಕ್ಕವನಿಗೂ ಟ್ರಾನ್ಸಿಷನಲ್ ಸೀಟು ಸಿಗುವುದಿಲ್ಲ.

ಪ್ರಿಲಿಮಿನರಿ ಮೆಡಿಸಿನ್ ಎಂದರೆ ಇಂಟರ್ನಲ್ ಮೆಡಿಸಿನ್‌ನವರ ಮೊದಲ ವರ್ಷವನ್ನೇ ಅವರ ಜೊತೆ ನಿಂತು ಮಾಡುವುದು. ವಾರ್ಡು, ಐಸಿಯು, ರಾತ್ರಿಪಾಳಿ. ಹೃದಯ ಸೋತವರು, ಸಕ್ಕರೆ ಏರಿದವರು, ಕುಡಿತ ಬಿಟ್ಟು ನಡುಗುವವರು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಮತ್ತೆ ಮತ್ತೆ ಬರುವ ವೃದ್ಧರು. ಕೆಲಸ ಹೆಚ್ಚು, ಕಲಿಯುವುದೂ ಹೆಚ್ಚು. ನಾನು ಮಾಡಿದ್ದು ಇದನ್ನೇ.

ಪ್ರಿಲಿಮಿನರಿ ಸರ್ಜರಿಯ ವಿಷಯದಲ್ಲಿ ಎಚ್ಚರ ಬೇಕು. ಇದರಲ್ಲಿ ಎರಡು ಜಾತಿ. ಮುಂದಿನ ಸೀಟು ಮೊದಲೇ ಖಾತ್ರಿಯಾದವರಿಗೆ ಮೀಸಲಾದದ್ದು ಡೆಸಿಗ್ನೇಟೆಡ್. ಸ್ಕ್ಯಾನ್ ನೋಡುತ್ತಾ ಸೂಜಿ, ಕೊಳವೆಗಳಿಂದ ಚಿಕಿತ್ಸೆ ಮಾಡುವ ಇಂಟರ್ವೆನ್ಷನಲ್ ರೇಡಿಯಾಲಜಿಗೆ ಹೋಗುವವರಲ್ಲಿ ಅನೇಕರು ಮೊದಲ ವರ್ಷವನ್ನು ಸರ್ಜರಿಯಲ್ಲಿ ಕಳೆಯುತ್ತಾರೆ, ಅವರಿಗೆ ಅದು ನ್ಯಾಯವಾದ ಆಯ್ಕೆ. ಮುಂದೆ ಕೈಗಳನ್ನೇ ನಂಬಿ ಬದುಕುವವರು ಅವರು. ನಾನ್ ಡೆಸಿಗ್ನೇಟೆಡ್ ಎಂಬುದು ಇನ್ನೊಂದು ಜಾತಿ. ಒಂದು ವರ್ಷ ದುಡಿಸಿಕೊಳ್ಳುತ್ತಾರೆ, ಎರಡನೇ ವರ್ಷದ ಬಗ್ಗೆ ಯಾವ ಮಾತೂ ಕೊಡುವುದಿಲ್ಲ. ಪ್ರತಿವರ್ಷ ಮ್ಯಾಚ್, ಅಂದರೆ ಸೀಟು ಹಂಚಿಕೆ, ಮುಗಿದಾಗ ಖಾಲಿ ಉಳಿಯುವ ಸೀಟುಗಳಲ್ಲಿ ಇವುಗಳ ಪಾಲೂ ದೊಡ್ಡದೇ. ಏನೂ ಸಿಗದ ವಿದೇಶಿ ಪದವೀಧರರು, ಕಾಲಿಟ್ಟರೆ ಸಾಕು ಎಂದು ಇವನ್ನು ಒಪ್ಪಿಕೊಳ್ಳುತ್ತಾರೆ. ಒಪ್ಪುವುದೇ ತಪ್ಪು ಎಂದು ನಾನು ಹೇಳಲಾರೆ, ಹಾಗೆ ಕಾಲಿಟ್ಟು ಒಳ್ಳೆಯ ಸರ್ಜನ್ ಆದವರನ್ನು ಬಲ್ಲೆ. ಆದರೆ ಒಪ್ಪುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕು: ಕಳೆದ ಮೂರು ವರ್ಷ ನಿಮ್ಮಲ್ಲಿ ಪ್ರಿಲಿಮ್ ಮಾಡಿದವರು ಈಗ ಎಲ್ಲಿದ್ದಾರೆ? ಉತ್ತರ ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಯಾವ ಸ್ಪೆಷಾಲಿಟಿಗೆ ಯಾವ ವರ್ಷ ನಡೆಯುತ್ತದೆ ಎಂಬುದಕ್ಕೆ ನಿಯಮಗಳೂ ಇವೆ. ನ್ಯೂರಾಲಜಿಗೆ ಮೊದಲ ವರ್ಷದಲ್ಲಿ ಇಂಟರ್ನಲ್ ಮೆಡಿಸಿನ್ ಕನಿಷ್ಠ ಆರು ತಿಂಗಳಾದರೂ ಇರಬೇಕು, ಆದ್ದರಿಂದ ಎಲ್ಲ ಟ್ರಾನ್ಸಿಷನಲ್ ಕಾರ್ಯಕ್ರಮಗಳೂ ಅದಕ್ಕೆ ಸಾಲುವುದಿಲ್ಲ. ರೇಡಿಯಾಲಜಿ ಮೂರು ದಾರಿಯನ್ನೂ ಒಪ್ಪುತ್ತದೆ. ಆದರೆ ಆ ವರ್ಷದ ಎಲೆಕ್ಟಿವ್‌ಗಳನ್ನೆಲ್ಲ ರೇಡಿಯಾಲಜಿಯಲ್ಲೇ ಕಳೆಯುತ್ತೇನೆ ಎಂದರೆ ಬಿಡುವುದಿಲ್ಲ, ಅದಕ್ಕೆ ಮಿತಿ ಇದೆ. ಕಾರಣ ಸರಳ: ಆ ವರ್ಷ ಇರುವುದು ರೋಗಿಯ ಹಾಸಿಗೆಯ ಪಕ್ಕ ನಿಲ್ಲಲಿಕ್ಕೆ.

ಎರಡು ಪಟ್ಟಿಗಳ ಲೆಕ್ಕ

ಎಲ್ಲರೂ ಗೊಂದಲಕ್ಕೆ ಬೀಳುವುದು ಇಲ್ಲಿ. ನಿಧಾನವಾಗಿ ಹೋಗೋಣ.

ಸೀಟು ಹಂಚುವ ಸಂಸ್ಥೆಯ ಹೆಸರು ಎನ್‌ಆರ್‌ಎಂಪಿ. 1952ರಿಂದ ಈ ಕೆಲಸ ಮಾಡುತ್ತಿದೆ. ಅಭ್ಯರ್ಥಿ ತನಗೆ ಬೇಕಾದ ಕಾರ್ಯಕ್ರಮಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುತ್ತಾನೆ, ಕಾರ್ಯಕ್ರಮದವರೂ ತಮಗೆ ಬೇಕಾದ ಅಭ್ಯರ್ಥಿಗಳನ್ನು ಕ್ರಮದಲ್ಲಿ ಬರೆದು ಕೊಡುತ್ತಾರೆ. ಕಂಪ್ಯೂಟರ್ ಎರಡನ್ನೂ ಹೊಂದಿಸುತ್ತದೆ. ಈಗಿನ ವಿಧಾನ 1998ರಿಂದ ಬಳಕೆಯಲ್ಲಿದೆ. ಅದನ್ನು ತಿದ್ದಿ ರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್, ಇಂಥ ಹೊಂದಾಣಿಕೆಯ ಗಣಿತಕ್ಕೆ ಅಡಿಪಾಯ ಹಾಕಿದ ಲಾಯ್ಡ್ ಶೇಪ್ಲಿ ಜೊತೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಈ ವಿಧಾನ ಶುರುವಾಗುವುದು ಅಭ್ಯರ್ಥಿಯ ಪಟ್ಟಿಯಿಂದ. ಹಾಗಾಗಿ ಅವರು ನನ್ನನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ಊಹಿಸಿ ಕ್ರಮ ಬದಲಿಸುವುದರಿಂದ ಲಾಭವಿಲ್ಲ. ನಿಜವಾಗಿ ಇಷ್ಟವಿರುವ ಕ್ರಮದಲ್ಲೇ ಬರೆಯಬೇಕು.

ಅಡ್ವಾನ್ಸ್ಡ್ ಸೀಟಿಗೆ ಹೋಗುವವರು ಒಂದಲ್ಲ, ಹಲವು ಪಟ್ಟಿ ಬರೆಯಬೇಕಾಗುತ್ತದೆ. ಮುಖ್ಯ ಪಟ್ಟಿಯಲ್ಲಿ ಸ್ಪೆಷಾಲಿಟಿ ಕಾರ್ಯಕ್ರಮಗಳು. ಅದರಲ್ಲಿನ ಒಂದೊಂದು ಅಡ್ವಾನ್ಸ್ಡ್ ಹೆಸರಿಗೂ ಒಂದು ಪೂರಕ ಪಟ್ಟಿಯನ್ನು ಪೋಣಿಸಬಹುದು. ಆ ಸ್ಪೆಷಾಲಿಟಿ ಸಿಕ್ಕರೆ ಮೊದಲ ವರ್ಷಕ್ಕೆ ಎಲ್ಲಿಗೆ ಹೋಗುತ್ತೇನೆ ಎಂಬುದು ಆ ಪೂರಕ ಪಟ್ಟಿಯಲ್ಲಿರುತ್ತದೆ.

ಒಂದು ಉದಾಹರಣೆ ಕಟ್ಟೋಣ. ಒಬ್ಬಳು ಅಭ್ಯರ್ಥಿಯ ಗಂಡನಿಗೆ ಶಿಕಾಗೋದಲ್ಲಿ ಕೆಲಸ. ಅವಳ ಮುಖ್ಯ ಪಟ್ಟಿಯಲ್ಲಿ ಮೊದಲು ಶಿಕಾಗೋದ ಒಂದು ರೇಡಿಯಾಲಜಿ, ಎರಡನೆಯದು ಹ್ಯೂಸ್ಟನ್‌ನದ್ದು, ಮೂರನೆಯದು ಕ್ಲೀವ್‌ಲ್ಯಾಂಡ್‌ನದ್ದು. ಶಿಕಾಗೋ ಹೆಸರಿಗೆ ಅವಳು ಪೋಣಿಸಿದ ಪೂರಕ ಪಟ್ಟಿಯಲ್ಲಿ ಶಿಕಾಗೋದ ಒಂದು ಟ್ರಾನ್ಸಿಷನಲ್, ಎರಡು ಪ್ರಿಲಿಮಿನರಿ ಮೆಡಿಸಿನ್, ಕೊನೆಗೆ ಹತ್ತಿರದ ಮಿಲ್ವಾಕಿಯದ್ದೊಂದು. ಹ್ಯೂಸ್ಟನ್‌ಗೆ ಬೇರೆ ಪಟ್ಟಿ: ಮೊದಲು ಹ್ಯೂಸ್ಟನ್‌ನವು, ನಂತರ ಶಿಕಾಗೋದವು, ಏಕೆಂದರೆ ಹೇಗೂ ಒಂದು ವರ್ಷ ಗಂಡನ ಜೊತೆ ಇರಬಹುದಲ್ಲ. ಕ್ಲೀವ್‌ಲ್ಯಾಂಡ್‌ಗೆ ಇಂಥ ಪಟ್ಟಿ ಪೋಣಿಸುವುದನ್ನು ಅವಳು ಮರೆತಳು ಎಂದುಕೊಳ್ಳಿ.

ಕಂಪ್ಯೂಟರ್ ಶಿಕಾಗೋ ರೇಡಿಯಾಲಜಿಯ ಬಾಗಿಲು ತಟ್ಟಿತು. ಅಲ್ಲಿ ಅವಳಿಗಿಂತ ಮೇಲಿನವರಿಂದ ಸೀಟು ತುಂಬಿತ್ತು. ಹ್ಯೂಸ್ಟನ್ ತಟ್ಟಿತು. ಸಿಕ್ಕಿತು. ಈಗ ತೆರೆಯುವುದು ಹ್ಯೂಸ್ಟನ್‌ಗೆ ಪೋಣಿಸಿದ ಪಟ್ಟಿ ಮಾತ್ರ, ಶಿಕಾಗೋದ ಪೂರಕ ಪಟ್ಟಿಗೆ ಇನ್ನು ಬೆಲೆಯಿಲ್ಲ. ಆ ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ನೋಡುತ್ತಾ ಹೋಗಿ, ಸಿಕ್ಕ ಕಡೆ ನಿಲ್ಲುತ್ತದೆ. ಒಂದು ವೇಳೆ ಹ್ಯೂಸ್ಟನ್ ಕೂಡ ತಪ್ಪಿ ಕ್ಲೀವ್‌ಲ್ಯಾಂಡ್ ಸಿಕ್ಕಿದ್ದರೆ? ರೇಡಿಯಾಲಜಿ ಸೀಟು ಇದೆ, ಅದಕ್ಕೆ ಅವಳು ಬದ್ಧಳು, ಆದರೆ ಬರುವ ಜುಲೈಗೆ ಎಲ್ಲಿ ಹೋಗಬೇಕೋ ಗೊತ್ತಿಲ್ಲ. ಇದನ್ನು ಭಾಗಶಃ ಮ್ಯಾಚ್ ಎನ್ನುತ್ತಾರೆ. ಮ್ಯಾಚ್ ವಾರದ ಸೋಮವಾರ ಬೆಳಿಗ್ಗೆ ಸುದ್ದಿ ಬರುತ್ತದೆ, ಆ ವಾರವೇ ಸೋಪ್ ಎಂಬ ಎರಡನೇ ಸುತ್ತಿನಲ್ಲಿ ಉಳಿದ ಸೀಟುಗಳಿಗೆ ಅರ್ಜಿ ಹಾಕಬೇಕು. ಆ ಹೊತ್ತಿಗೆ ಟ್ರಾನ್ಸಿಷನಲ್ ಉಳಿದಿರುವುದು ಅಪರೂಪ, ಉಳಿದವುಗಳಲ್ಲಿ ಸರ್ಜರಿ ಪ್ರಿಲಿಮ್‌ಗಳೇ ಹೆಚ್ಚು.

ಮರೆವು ಮಾತ್ರವಲ್ಲ, ಅತಿಯಾದ ಭರವಸೆಯಿಂದಲೂ ಇದೇ ಗತಿಯಾಗುತ್ತದೆ. ಪೂರಕ ಪಟ್ಟಿಯಲ್ಲಿ ಮೂರೇ ಮೂರು ಹೆಸರು, ಮೂರೂ ಜನಪ್ರಿಯ ಟ್ರಾನ್ಸಿಷನಲ್‌ಗಳು! ಹೀಗೆ ಮಾಡಿ ಸೋಮವಾರ ಕಣ್ಣೀರು ಹಾಕಿದ ಒಬ್ಬ ಪ್ರತಿಭಾವಂತ ಹುಡುಗನ ಪಕ್ಕದಲ್ಲಿ ನಾನು ಕೂತಿದ್ದೇನೆ. ಮೂಲ ಶುಲ್ಕದಲ್ಲೇ ಮುಖ್ಯ ಪಟ್ಟಿಗೆ 20, ಪೂರಕ ಪಟ್ಟಿಗಳಿಗೆಲ್ಲ ಸೇರಿ ಇನ್ನೂ 20 ಬೇರೆ ಬೇರೆ ಹೆಸರುಗಳಿಗೆ ಅವಕಾಶವಿದೆ. ಒಂದೇ ಹೆಸರನ್ನು ಹಲವು ಪೂರಕ ಪಟ್ಟಿಗಳಲ್ಲಿ ಬರೆದರೂ ಒಂದೇ ಲೆಕ್ಕ. ಹಾಗಾಗಿ ಪಟ್ಟಿಯ ಕೆಳಭಾಗದಲ್ಲಿ ದೊಡ್ಡ, ಹೆಚ್ಚು ಸೀಟುಗಳಿರುವ ಪ್ರಿಲಿಮಿನರಿ ಮೆಡಿಸಿನ್ ಕಾರ್ಯಕ್ರಮಗಳನ್ನು ಬರೆಯದೆ ಬಿಡಬೇಡಿ. ಕೆಲವು ಆಸ್ಪತ್ರೆಗಳು ತಮ್ಮದೇ ರೇಡಿಯಾಲಜಿಗೋ ಅನಸ್ತೀಸಿಯಾಕ್ಕೋ ಬರುವವರಿಗೆಂದು ಪ್ರಿಲಿಮ್ ಸೀಟು ತೆಗೆದಿಟ್ಟಿರುತ್ತವೆ, ಸಂದರ್ಶನದಲ್ಲೇ ಕೇಳಿ ತಿಳಿದುಕೊಳ್ಳಬೇಕು.

ಇನ್ನೊಂದು ಸೂಕ್ಷ್ಮ ಉಂಟು. ಪ್ರಿಲಿಮ್ ಕಾರ್ಯಕ್ರಮವನ್ನು ಮುಖ್ಯ ಪಟ್ಟಿಯಲ್ಲೂ, ಕೊನೆಗೆ, ಬರೆಯಬಹುದು. ಹಾಗೆ ಬರೆದರೆ ಅರ್ಥ ಇಷ್ಟು: ನನಗೆ ಯಾವ ಸ್ಪೆಷಾಲಿಟಿಯೂ ಸಿಗದಿದ್ದರೂ ಈ ಒಂದು ವರ್ಷದ ಕೆಲಸ ಸಾಕು. ಬರೆಯದಿದ್ದರೆ, ಸ್ಪೆಷಾಲಿಟಿ ಸಿಗದಾಗ ಪ್ರಿಲಿಮ್ ಕೂಡ ಇಲ್ಲ. ಇಲ್ಲಿ ಎಲ್ಲರಿಗೂ ಒಂದೇ ಉತ್ತರವಿಲ್ಲ. ನನ್ನ ಅಭಿಪ್ರಾಯದಲ್ಲಿ ಇಲ್ಲಿಯ ಆಸ್ಪತ್ರೆಯ ಅನುಭವವೇ ಇಲ್ಲದ ವಿದೇಶಿ ಪದವೀಧರನಿಗೆ ಅದು ಬೆಲೆಯುಳ್ಳ ವರ್ಷ. ಮುಂದಿನ ವರ್ಷ ಅರ್ಜಿ ಹಾಕುವಾಗ ಇಲ್ಲಿನ ಹಿರಿಯ ವೈದ್ಯರು ಬರೆದ ಪತ್ರಗಳು ಕೈಯಲ್ಲಿರುತ್ತವೆ. ಅದಲ್ಲದೆ, ಮೊದಲ ವರ್ಷ ಮುಗಿಸಿದವರಿಗೆಂದೇ ಮೀಸಲಾದ, ಅದೇ ಜುಲೈಗೆ ಶುರುವಾಗುವ ಎರಡನೇ ವರ್ಷದ ಸೀಟುಗಳೂ ಕೆಲವಿವೆ. ಆದರೆ ವಾರಕ್ಕೆ 80 ಗಂಟೆಯವರೆಗೂ ಕೆಲಸ ಮಾಡುತ್ತಾ, ಮತ್ತೆ ಅರ್ಜಿ, ಮತ್ತೆ ಸಂದರ್ಶನ, ಇದಕ್ಕೆ ಗಟ್ಟಿ ಮನಸ್ಸು ಬೇಕು.

ಸುಲಭದ ವರ್ಷವೇ ಒಳ್ಳೆಯ ವರ್ಷವೇ?

ಹುಡುಗರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಮಾವ, ಯಾವುದು ಹಗುರ?" ನನ್ನ ಸೋದರಳಿಯನೂ ಇದನ್ನೇ ಕೇಳಿದ್ದ. ನಾನವನಿಗೆ ಮರುಪ್ರಶ್ನೆ ಹಾಕಿದೆ: ಮುಂದಿನ ನಾಲ್ಕು ವರ್ಷ ನಿನಗೆ ಯಾರೂ ಕಲಿಸದೆ ಇರುವುದು ಯಾವುದು?

ಯಾಕೆ ಹಾಗೆ ಕೇಳಿದೆ ಎಂದರೆ, ನಾನು ಇಂಟರ್ನ್ ಆಗಿದ್ದ ಜುಲೈ ತಿಂಗಳ ಒಂದು ರಾತ್ರಿ ಪೇಜರ್ ಬಡಿದುಕೊಂಡಿತು. ಬೇರೆ ತಂಡದ ರೋಗಿ, ನಾನು ನೋಡಿಯೇ ಇರಲಿಲ್ಲ. ನರ್ಸ್ ಹೇಳಿದ್ದು ಇಷ್ಟೇ: ಅಜ್ಜಿ ಯಾಕೋ ಸರಿ ಇಲ್ಲ. ಹೋಗಿ ನೋಡಿದೆ. ಬಿಪಿ ಸರಿಯಾಗೇ ಇತ್ತು, ಜ್ವರವೂ ಇರಲಿಲ್ಲ. ಆದರೆ ಉಸಿರು ವೇಗವಾಗಿತ್ತು, ಅಂಗಾಲು ತಣ್ಣಗಿತ್ತು. ಸೀನಿಯರ್ ರೆಸಿಡೆಂಟ್ ಬಂದು ನನ್ನ ಹಿಂದೆ ನಿಂತಳು. ತಾನು ಏನೂ ಹೇಳಲಿಲ್ಲ, ಈಗ ನೀನು ಏನು ಮಾಡುತ್ತೀ ಎಂದಷ್ಟೇ ಕೇಳಿದಳು. ಬಾಗಿಲಲ್ಲಿ ನಿಂತು ನೋಡಿದಾಗಲೇ ಈ ರೋಗಿಗೆ ಜಾಸ್ತಿಯಾಗುತ್ತಿದೆ ಎಂದು ಗುರುತಿಸುವುದನ್ನು ನಾನು ಕಲಿತದ್ದು ಅಂಥ ಹತ್ತಾರು ರಾತ್ರಿಗಳಲ್ಲಿ. ರೇಡಿಯಾಲಜಿಯ ನಾಲ್ಕು ವರ್ಷದಲ್ಲಿ ಅದನ್ನು ಯಾರೂ ಕಲಿಸಲಿಲ್ಲ, ಕಲಿಸಲು ಅಲ್ಲಿ ರೋಗಿಯೇ ಎದುರಿಗಿರುವುದಿಲ್ಲ.

ಇವತ್ತು ರಾತ್ರಿ ಎರಡು ಗಂಟೆಗೆ ನನ್ನ ಪರದೆಗೆ ಒಂದು ಸಿಟಿ ಸ್ಕ್ಯಾನ್ ಬರುತ್ತದೆ. ಕಾರಣದ ಜಾಗದಲ್ಲಿ ಬರೆದಿರುವುದು 'ಹೊಟ್ಟೆನೋವು', ಅಷ್ಟೇ. ನಾನು ಚಿತ್ರ ನೋಡುವ ಮೊದಲು ಕಡತ ತೆರೆಯುತ್ತೇನೆ. ಹೃದಯದ ಬಡಿತ ಲಯ ತಪ್ಪಿದೆ, ರಕ್ತದಲ್ಲಿ ಲ್ಯಾಕ್ಟೇಟ್ ಏರಿದೆ ಎಂದು ಕಂಡರೆ, ಕರುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ಒಂದೊಂದೇ ಪದರವಾಗಿ ಹುಡುಕುತ್ತೇನೆ, ಆಮೇಲೆ ಫೋನ್ ಎತ್ತುತ್ತೇನೆ. ಆ ಕಡೆ ಮಾತಾಡುವ ಇಂಟರ್ನ್‌ಗೆ ಎಷ್ಟು ಪೇಜ್ ಕಾದಿವೆ, ಅವನಿಗೆ ನನ್ನಿಂದ ಒಂದೇ ವಾಕ್ಯದಲ್ಲಿ ಏನು ಬೇಕು ಎಂದು ನನಗೆ ಗೊತ್ತು. ನಾನೂ ಅಲ್ಲಿದ್ದವನಲ್ಲವೇ.

ಹಾಗಾಗಿ ಪ್ರತಿ ಸ್ಪೆಷಾಲಿಟಿಯವರೂ ತಮ್ಮ ಪ್ರಶ್ನೆಯನ್ನು ತಾವೇ ಹಾಕಿಕೊಳ್ಳಬೇಕು. ಅನಸ್ತೀಸಿಯಾಕ್ಕೆ ಹೋಗುವವನಿಗೆ ಐಸಿಯು ತಿಂಗಳುಗಳು ಬಂಗಾರ. ಚರ್ಮರೋಗಕ್ಕೆ ಹೋಗುವವಳು ಮುಂದೆ ಕ್ಲಿನಿಕ್‌ನಲ್ಲಿ ಒಬ್ಬಳೇ ಇರುವಾಗ, ಔಷಧಿಯ ಅಲರ್ಜಿಯಿಂದ ಮೈಯೆಲ್ಲ ಸುಲಿದುಹೋಗುತ್ತಿರುವ ರೋಗಿ ಬಂದರೆ ಕೂಡಲೇ ಆಸ್ಪತ್ರೆಗೆ ಸೇರಿಸುವಷ್ಟು ಮೆಡಿಸಿನ್ ಅವಳ ಕೈಯಲ್ಲಿರಬೇಕು. ಪಾರ್ಶ್ವವಾಯು ಆದವರನ್ನು ಮತ್ತೆ ನಡೆಸುವ ಫಿಸಿಕಲ್ ಮೆಡಿಸಿನ್‌ನವರಿಗೆ ವಾರ್ಡಿನಿಂದ ಮನೆಗೆ ಹೋಗುವ ದಾರಿಯಲ್ಲಿ ಏನೇನು ಕೆಡುತ್ತದೆ ಎಂಬುದು ಗೊತ್ತಿರಬೇಕು.

ಟ್ರಾನ್ಸಿಷನಲ್ ಇಯರ್ ಬೇಡ ಎಂದು ನಾನು ಹೇಳುತ್ತಿಲ್ಲ. ಐಸಿಯು ಮತ್ತು ವಾರ್ಡು ಗಟ್ಟಿಯಾಗಿದ್ದು ಎಲೆಕ್ಟಿವ್ ಕೂಡ ಇರುವ ಟ್ರಾನ್ಸಿಷನಲ್ ಸಿಕ್ಕರೆ ಅದು ಅದೃಷ್ಟ. ಮನೆಯಲ್ಲಿ ಪುಟ್ಟ ಮಗುವಿದ್ದರೆ, ತಂದೆತಾಯಿಯ ಆರೋಗ್ಯ ಸರಿಯಿಲ್ಲದಿದ್ದರೆ, ನಿದ್ದೆ ಕೆಟ್ಟರೆ ಕಾಯಿಲೆ ಬೀಳುವ ದೇಹವಿದ್ದರೆ ಹಗುರದ ವರ್ಷವನ್ನೇ ಆರಿಸಿಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ. ನಿಯಮದ ಪ್ರಕಾರ ನಾಲ್ಕು ವಾರಗಳ ಸರಾಸರಿಯಲ್ಲಿ ವಾರಕ್ಕೆ 80 ಗಂಟೆ ಮಿತಿ, ಏಳು ದಿನಕ್ಕೆ ಸರಾಸರಿ ಒಂದು ದಿನ ರಜೆ. 2003ರಿಂದ ದೇಶದಾದ್ಯಂತ ಇದೆ. 80 ಗಂಟೆ ಎಂದರೆ ಎಷ್ಟು ಎಂಬುದು ಫೆಬ್ರವರಿಯ ಹಿಮದಲ್ಲಿ, ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವಾಗ ಗೊತ್ತಾಗುತ್ತದೆ.

ಕಾರ್ಯಕ್ರಮವನ್ನು ಅಳೆಯುವಾಗ ವೆಬ್‌ಸೈಟಿನ ಚಂದದ ಚಿತ್ರಗಳಿಗಿಂತ ಈಗ ಅಲ್ಲಿರುವ ಪ್ರಿಲಿಮ್ ಇಂಟರ್ನ್‌ಗಳ ಮಾತು ಮುಖ್ಯ. ಐಸಿಯು ಎಷ್ಟು ವಾರ, ರಾತ್ರಿಪಾಳಿ ಎಷ್ಟು ವಾರ, ರಾತ್ರಿ ಒಬ್ಬ ಇಂಟರ್ನ್ ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತಾನೆ, ಸೀನಿಯರ್ ಆಗ ಅದೇ ಕಟ್ಟಡದಲ್ಲಿರುತ್ತಾರೋ ಇಲ್ಲವೋ, ಇಲ್ಲಿನ ವೈದ್ಯ ಪರವಾನಗಿಯ ಕೊನೆಯ ಹಂತವಾದ ಎರಡು ದಿನದ ಸ್ಟೆಪ್ 3 ಪರೀಕ್ಷೆಗೆ ಬಿಡುವು ಸಿಗುತ್ತದೋ, ಇವನ್ನೆಲ್ಲ ಕೇಳಿ. ನಾನು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಪ್ರಿಲಿಮ್‌ನವರ ವೇಳಾಪಟ್ಟಿ ಮೂರು ವರ್ಷದವರ ವೇಳಾಪಟ್ಟಿಯಂತೆಯೇ ಇರುತ್ತದೆಯೇ? ನಾನಿದ್ದ ಕಡೆ ಇರಲಿಲ್ಲ. ಡಿಸೆಂಬರ್‌ನ ರಾತ್ರಿಗಳು, ಯಾರಿಗೂ ಬೇಡದ ತಿಂಗಳುಗಳು, ಹೇಗೂ ಒಂದು ವರ್ಷದಲ್ಲಿ ಹೊರಡುವ ನಮ್ಮ ಪಾಲಿಗೆ ಬಂದವು. ಕಲಿಸುವ ತರಗತಿಗಳಿಗೆ ಬೇರೆಯವರು ಹೋದಾಗ ಪೇಜರ್‌ಗಳನ್ನು ಹಿಡಿದು ಕೂತವರೂ ನಾವೇ. ಎಲ್ಲ ಕಡೆ ಹೀಗಿರುವುದಿಲ್ಲ. ನನ್ನ ಕೆಲವು ಸ್ನೇಹಿತರನ್ನು ಅವರ ಪ್ರಿಲಿಮ್ ಆಸ್ಪತ್ರೆಯವರು ಇಂದಿಗೂ ಮನೆಯವರಂತೆ ಕಾಣುತ್ತಾರೆ.

ಊರಿನ ವಿಷಯವನ್ನೂ ಹಗುರವಾಗಿ ತಳ್ಳಬೇಡಿ. ಒಂದು ವರ್ಷಕ್ಕಾಗಿ ಒಂದೂರಿಗೆ ಹೋಗಿ, ಮನೆ ಬಾಡಿಗೆ ಹಿಡಿದು, ಹನ್ನೆರಡು ತಿಂಗಳಲ್ಲಿ ಮತ್ತೆ ಗಂಟುಮೂಟೆ ಕಟ್ಟಿ ಇನ್ನೊಂದೂರಿಗೆ ಸಾಗುವುದಕ್ಕೆ ಇಂಟರ್ನ್‌ನ ಸಂಬಳದಲ್ಲಿ ದುಡ್ಡು ಉಳಿಯುವುದಿಲ್ಲ. ಜೂನ್ 30ಕ್ಕೆ ಒಂದು ಕಡೆ ಕೆಲಸ ಮುಗಿದು ಜುಲೈ 1ಕ್ಕೆ ಇನ್ನೊಂದು ಕಡೆ ಶುರು. ರಾಜ್ಯ ಬದಲಾದರೆ ತರಬೇತಿಯ ಪರವಾನಗಿಯನ್ನೂ ಹೊಸದಾಗಿ ಪಡೆಯಬೇಕು. ಸ್ಪೆಷಾಲಿಟಿಯ ಊರಿನಲ್ಲೇ ಮೊದಲ ವರ್ಷವೂ ಸಿಕ್ಕರೆ ಅಥವಾ ಅಕ್ಕನೋ ಅಣ್ಣನೋ ಇರುವ ಊರಿನಲ್ಲಿ ಸಿಕ್ಕರೆ, ಹೆಸರು ಸ್ವಲ್ಪ ಚಿಕ್ಕದಾದರೂ ಅದನ್ನೇ ಮೇಲೆ ಬರೆಯಿರಿ ಎನ್ನುತ್ತೇನೆ. ಮುಂದೆ ಕೆಲಸ ಹುಡುಕುವಾಗ ನಿಮ್ಮನ್ನು ಎಲ್ಲಿ ರೇಡಿಯಾಲಜಿ ಮಾಡಿದಿರಿ ಎಂದು ಕೇಳುತ್ತಾರೆ. ಎಲ್ಲಿ ಇಂಟರ್ನ್ ಆಗಿದ್ದಿರಿ ಎಂದು ನನ್ನನ್ನು ಒಬ್ಬರೂ ಕೇಳಿಲ್ಲ.

ವೀಸಾದ ಗಂಟು

ಕರ್ನಾಟಕದಿಂದ ಬರುವವರು ಇದನ್ನು ಸಂದರ್ಶನಕ್ಕೆ ಮುಂಚೆಯೇ ಬಿಡಿಸಿಕೊಳ್ಳಬೇಕು. ಮೊದಲ ವರ್ಷದ ಆಸ್ಪತ್ರೆ, ಸ್ಪೆಷಾಲಿಟಿಯ ಆಸ್ಪತ್ರೆ ಎರಡೂ ನಿಮ್ಮ ವೀಸಾವನ್ನು ಒಪ್ಪಬೇಕು. ವಿನಿಮಯ ತರಬೇತಿಗೆಂದು ಕೊಡುವ ಜೆ-1 ವೀಸಾಕ್ಕೆ ಪ್ರಾಯೋಜಕರು ಇಸಿಎಫ್‌ಎಂಜಿ, ಅಂದರೆ ವಿದೇಶಿ ವೈದ್ಯ ಪದವೀಧರರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ. ಭಾರತದ ಆರೋಗ್ಯ ಸಚಿವಾಲಯದ ಪತ್ರವೊಂದು ಬೇಕು, ಕಾಗದಗಳನ್ನು ವರ್ಷವರ್ಷ ನವೀಕರಿಸಬೇಕು, ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಹೋಗಬೇಕು ಅಥವಾ ವಿನಾಯಿತಿ ಪಡೆಯಬೇಕು. ಉದ್ಯೋಗದ ವೀಸಾ ಆದ ಎಚ್-1ಬಿ ಬೇಕಿದ್ದರೆ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. ಒಂದೇ ವರ್ಷ ಇರುವ ಇಂಟರ್ನ್‌ಗಾಗಿ ಎಚ್-1ಬಿಯ ಖರ್ಚು, ಓಡಾಟ ಮಾಡಲು ಅನೇಕ ಆಸ್ಪತ್ರೆಗಳು ಮುಂದೆ ಬರುವುದಿಲ್ಲ. ಮೊದಲ ವರ್ಷವನ್ನು ಜೆ-1ರಲ್ಲಿ ಮಾಡಿ, ಆಮೇಲೆ ರೇಡಿಯಾಲಜಿಯನ್ನು ಎಚ್-1ಬಿಯಲ್ಲಿ ಮಾಡೋಣ ಎಂಬ ಲೆಕ್ಕವೂ ನಡೆಯುವುದಿಲ್ಲ, ಎರಡು ವರ್ಷದ ಆ ಷರತ್ತು ಬೆನ್ನಿಗಿರುತ್ತದೆ. ನಿಮ್ಮ ಮನಸ್ಸಿನಲ್ಲಿರುವ ಟ್ರಾನ್ಸಿಷನಲ್ ಕಾರ್ಯಕ್ರಮಗಳು ವೀಸಾ ಕೊಡುತ್ತವೆಯೇ ಎಂದು ಒಂದೊಂದಾಗಿ ನೋಡಿ, ಕೊಡದವುಗಳನ್ನು ಅರ್ಜಿ ಹಾಕುವಾಗಲೇ ಬಿಟ್ಟುಬಿಡಿ. ಆ ದುಡ್ಡಿನಲ್ಲಿ ಇನ್ನೂ ಕೆಲವು ಪ್ರಿಲಿಮಿನರಿ ಮೆಡಿಸಿನ್‌ಗಳಿಗೆ ಅರ್ಜಿ ಹಾಕಬಹುದು.

ಅರ್ಜಿಗಳು ಕಾರ್ಯಕ್ರಮಗಳ ಕೈಗೆ ಸೇರುವುದು ಸೆಪ್ಟೆಂಬರ್ ಕೊನೆಯಲ್ಲಿ. ಸಂದರ್ಶನಗಳು ಅಕ್ಟೋಬರ್‌ನಿಂದ ಜನವರಿಯವರೆಗೆ, ಕೋವಿಡ್ ಬಂದ 2020ರಿಂದ ಹೆಚ್ಚಿನವು ಕಂಪ್ಯೂಟರ್ ಮುಂದೆಯೇ. ಸ್ಪೆಷಾಲಿಟಿಯ ಸಂದರ್ಶನಗಳ ಗಡಿಬಿಡಿಯಲ್ಲಿ ಪ್ರಿಲಿಮ್‌ನವರ ಮಿಂಚಂಚೆಗೆ ಉತ್ತರಿಸಲು ತಡ ಮಾಡಿದರೆ ದಿನಾಂಕಗಳು ಮುಗಿದುಹೋಗುತ್ತವೆ.

ನನ್ನ ಸೋದರಳಿಯ ಕೊನೆಗೆ ತನ್ನ ಪೂರಕ ಪಟ್ಟಿಗಳಲ್ಲಿ ಹದಿನಾಲ್ಕು ಹೆಸರು ಬರೆದಿದ್ದ. ಸಿಕ್ಕಿದ್ದು ಐದನೆಯದು, ಪ್ರಿಲಿಮಿನರಿ ಮೆಡಿಸಿನ್, ನನ್ನ ಮನೆಯಿಂದ ಎರಡು ಗಂಟೆಯ ದಾರಿ. ಮೇ ತಿಂಗಳಲ್ಲಿ ವೇಳಾಪಟ್ಟಿ ಕಳಿಸಿದ. ಜುಲೈ ಪೂರ್ತಿ ವಾರ್ಡು, ಆಗಸ್ಟ್‌ನಲ್ಲಿ ಎರಡು ವಾರ ರಾತ್ರಿಪಾಳಿ, ಆಮೇಲೆ ಐಸಿಯು. ಅಕ್ಕನಿಗೆ ಓದಿ ಹೇಳಿದೆ. ರಾತ್ರಿಪಾಳಿಯಲ್ಲಿ ಬಿಸಿ ಊಟ ಸಿಗುತ್ತದೆಯೇ ಎಂದು ಕೇಳಿದಳು. ಅಲ್ಲಿಯ ಇಂಟರ್ನ್ ಒಬ್ಬನನ್ನು ಅವನು ಆಗಲೇ ಕೇಳಿಕೊಂಡಿದ್ದ: ಆಸ್ಪತ್ರೆಯ ಕ್ಯಾಂಟೀನು ರಾತ್ರಿ ಎರಡರವರೆಗೆ ತೆರೆದಿರುತ್ತದಂತೆ.